ಎಷ್ಟು ದಿನ ಎಂಬ ಪ್ರಶ್ನೆಗೆ ರಕ್ತ ಕೊಡುವ ಉತ್ತರ

ನಮ್ಮ ಬಂಧುಗಳೊಬ್ಬರ ಎದೆಯಿಂದ ತೆಗೆದ ತುಣುಕಿನ ವರದಿ ಹಗರಿಬೊಮ್ಮನಹಳ್ಳಿಗೆ ಬಂದದ್ದು ಒಂದು ಸಂಜೆ, ಮಗನ ಮೊಬೈಲಿಗೆ. ಎರಡು ಪುಟ, ಪೂರಾ ಇಂಗ್ಲಿಷು. ಮನೆಯಲ್ಲಿ ಓದು ಬಲ್ಲವರು ಅದರಲ್ಲಿ ಹುಡುಕಿ ತೆಗೆದದ್ದು ಒಂದೇ ಸಂಗತಿ: ಪಿಡಿ-ಎಲ್1, 60 ಪರ್ಸೆಂಟ್. ಒಳಗೆ ಅಳು ಎದ್ದಿತು. ಶ್ವಾಸಕೋಶ ನೂರಕ್ಕೆ ಅರವತ್ತು ಪಾಲು ಹೋಗಿಬಿಟ್ಟಿದೆ ಎಂದು ಅವರು ಅರ್ಥ ಮಾಡಿಕೊಂಡಿದ್ದರು. ಹಿರಿಯ ಮಗ ಕಟ್ಟೆಗೆ ಬಂದು ಕೂತು ನನ್ನನ್ನು ಕೇಳಿದ್ದು ಇಷ್ಟೇ: "ಇನ್ನ ಎಷ್ಟು ದಿನ ಅಂತ ಇದ್ರಾಗ ಬರ್ದೈತೇನು?"

ಬರೆದಿರಲಿಲ್ಲ. ಗಡ್ಡೆಯ ಜೀವಕೋಶಗಳಲ್ಲಿ ನೂರಕ್ಕೆ ಅರವತ್ತರ ಮೈಮೇಲೆ ಪಿಡಿ-ಎಲ್1 ಎಂಬ ಪ್ರೊಟೀನ್ ಕಾಣಿಸಿತು ಎಂಬುದಷ್ಟೇ ಆ ಅರವತ್ತರ ಅರ್ಥ. ನಮ್ಮ ಮೈಯ ಕಾವಲು ಕಣಗಳು ಗಡ್ಡೆಯ ಹತ್ತಿರ ಬಂದಾಗ ಈ ಪ್ರೊಟೀನ್ ಅವುಗಳ ಪಿಡಿ-1 ಎಂಬ ಗುಂಡಿಯನ್ನು ಒತ್ತಿ ತಡೆದು ನಿಲ್ಲಿಸುತ್ತದೆ. ಪಿಡಿ-1 ಅನ್ನು 1992ರಲ್ಲಿ ಜಪಾನಿನ ತಾಸುಕು ಹೊಂಜೊ ಅವರ ತಂಡ ಗುರುತಿಸಿತು. 2018ರಲ್ಲಿ ಹೊಂಜೊ ಮತ್ತು ಅಮೆರಿಕದ ಜೇಮ್ಸ್ ಆಲಿಸನ್ ಇಬ್ಬರಿಗೂ ನೊಬೆಲ್ ಬಂತು. ಪಿಡಿ-ಎಲ್1 ಐವತ್ತು ಅಥವಾ ಅದಕ್ಕಿಂತ ಹೆಚ್ಚಿರುವ, ರೋಗ ಹರಡಿದ ಶ್ವಾಸಕೋಶ ಕ್ಯಾನ್ಸರಿನ 305 ರೋಗಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಆ ತಡೆಯನ್ನು ಬಿಡಿಸುವ ಪೆಂಬ್ರೊಲಿಜುಮ್ಯಾಬ್ ಔಷಧ ಪಡೆದವರಲ್ಲಿ ಐದು ವರ್ಷದ ಮೇಲೂ ನೂರಕ್ಕೆ ಸುಮಾರು 32 ಮಂದಿ ಬದುಕಿದ್ದರು. ಹಳೆಯ ಕೀಮೋಥೆರಪಿಯಿಂದ ಆರಂಭಿಸಿದವರಲ್ಲಿ ಸುಮಾರು 16. ಅಂದರೆ ಆ ಮನೆಯವರು ಅಳುತ್ತಿದ್ದ ಸಂಖ್ಯೆ, ಆ ವರದಿಯಲ್ಲಿ ಇದ್ದದ್ದರಲ್ಲೇ ಆಸೆ ಹುಟ್ಟಿಸುವ ಸಂಖ್ಯೆಯಾಗಿತ್ತು. ಆದರೆ ಆ ಔಷಧ ಒಂದೊಂದು ಸುತ್ತಿಗೂ ಲಕ್ಷದ ಲೆಕ್ಕದಲ್ಲಿ ಬೇಡುತ್ತದೆ. ಒಣಬೇಸಾಯದ ಮನೆಗೆ ಆ ಆಸೆ ಎಷ್ಟು ದೂರದ್ದು ಎಂದು ಅವತ್ತು ಕಟ್ಟೆಯ ಮೇಲೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅಂದಿನಿಂದ ಒಂದು ಯೋಚನೆ ನನ್ನನ್ನು ಬಿಟ್ಟಿಲ್ಲ. ಪ್ರೊಟೀನ್ ಅಳೆದು ಆಯುಸ್ಸು ಊಹಿಸುವ ವಿಜ್ಞಾನ ವೇಗವಾಗಿ ಬೆಳೆಯುತ್ತಿದೆ, ಅದರ ಕಾಗದಗಳು ಈಗ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಮನೆಗಳನ್ನೂ ತಲುಪುತ್ತಿವೆ. ಒಂದು ಗುರುತು ಮುಂದಿನ ಹೆಜ್ಜೆಯನ್ನು ಬದಲಿಸುವಂತಿದ್ದರೆ ಅದಕ್ಕಾಗಿ ರೋಗಿಯ ರಕ್ತ ತೆಗೆಯಬಹುದು, ಹಣ ಕೇಳಬಹುದು. ಹೆಜ್ಜೆ ಇಡಲು ನೆಲವೇ ಇಲ್ಲದ ಕಡೆ ಬರೀ ಆಯುಸ್ಸನ್ನು ಎಣಿಸಿ ಕೈಗೆ ಕೊಡುವುದು ವೈದ್ಯವಲ್ಲ. ಈ ಮಾತನ್ನು ಕಾರಣಗಳೊಂದಿಗೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಭವಿಷ್ಯ ಕೇಳುವುದು ನಮ್ಮ ಸೀಮೆಗೆ ಹೊಸದಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದಾಗ ಅಷ್ಟು ದೊಡ್ಡ ಜನಸಾಗರ ಒಮ್ಮೆಗೇ ನಿಶ್ಶಬ್ದವಾಗುತ್ತದೆ. ಒಂದೇ ಸಾಲು ನುಡಿದು ಆತ ಕೆಳಕ್ಕೆ ಬೀಳುತ್ತಾನೆ, ಭಕ್ತರು ಹಿಡಿದುಕೊಳ್ಳುತ್ತಾರೆ. ಆ ಸಾಲನ್ನು ಮಳೆಗೋ ಬೆಳೆಗೋ ರಾಜಕೀಯಕ್ಕೋ ಹೊಂದಿಸಿ ಅರ್ಥ ಬಿಡಿಸುವ ಕೆಲಸ ವಾರಗಟ್ಟಲೆ ನಡೆಯುತ್ತದೆ. ನಾನು ಆ ಕಾರ್ಣಿಕವನ್ನು ಗೌರವದಿಂದ ನೆನೆಯುತ್ತೇನೆ, ಯಾಕೆಂದರೆ ಅದನ್ನು ಜನ ತಮ್ಮ ಭಾಷೆಯಲ್ಲಿ ಕೇಳುತ್ತಾರೆ, ಒಟ್ಟಿಗೆ ಕೇಳುತ್ತಾರೆ, ಹಿರಿಯರು ಕೂತು ಅರ್ಥ ಹೇಳುತ್ತಾರೆ. ಪ್ರಯೋಗಾಲಯದ ಒಂದು ಸಾಲು ಹಾಗಲ್ಲ, ಪರಭಾಷೆಯಲ್ಲಿ ಒಬ್ಬಂಟಿಯಾಗಿ ಮೊಬೈಲಿಗೆ ಬರುತ್ತದೆ. ಅರ್ಥ ಬಿಡಿಸುವವರು ಮುನ್ನೂರು ಕಿಲೋಮೀಟರ್ ದೂರದ ಊರಿನಲ್ಲಿ, ಮುಂದಿನ ತಾರೀಖಿಗೆ ಸಿಗುತ್ತಾರೆ.

ಈ ಗುರುತುಗಳಲ್ಲಿ ಎರಡು ಬಗೆ. ಚಿಕಿತ್ಸೆ ಯಾವುದೇ ಇರಲಿ, ಈ ರೋಗಿಗೆ ಹೆಚ್ಚು ಕಾಲ ಇದೆಯೋ ಕಡಿಮೆಯೋ ಎಂದು ಸೂಚಿಸುವುದು ಒಂದು. ಅದನ್ನು ಆಯುಸ್ಸಿನ ಗುರುತು ಎನ್ನೋಣ. ಇಂಥ ಔಷಧ ಈ ಗಡ್ಡೆಗೆ ನಾಟುತ್ತದೆಯೇ ಎಂದು ಹೇಳುವುದು ಇನ್ನೊಂದು. ಅದು ದಾರಿಯ ಗುರುತು. 1965ರಲ್ಲಿ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಕಂಡ ಸಿಇಎ, ಜೀವಕೋಶದ ಹಂದರ ಮುರಿದಾಗ ರಕ್ತಕ್ಕೆ ಸೇರುವ ಸೈಫ್ರಾ 21-1, ಸಣ್ಣಕೋಶದ ಕ್ಯಾನ್ಸರಿನಲ್ಲಿ ಏರುವ ಎನ್‌ಎಸ್‌ಇ, ಇವೆಲ್ಲ ಮುಖ್ಯವಾಗಿ ಮೊದಲ ಬಗೆಯವು. ಏರಿದ್ದರೆ ಒಳ್ಳೆಯದಲ್ಲ ಎನ್ನುತ್ತವೆ, ಏನು ಮಾಡಬೇಕು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ.

ಎರಡನೆಯ ಬಗೆಗೆ ಇಜಿಎಫ್‌ಆರ್ ಒಳ್ಳೆಯ ಉದಾಹರಣೆ. ಇದು ಜೀವಕೋಶದ ಹೊರಗೋಡೆಯಲ್ಲಿ ಕೂತು 'ಬೆಳೆ' ಎಂಬ ಆಜ್ಞೆಯನ್ನು ಒಳಕ್ಕೆ ದಾಟಿಸುವ ಪ್ರೊಟೀನ್. ಮೊದಲು ಇದು ಎಷ್ಟು ಇದೆ ಎಂದು ಅಳೆಯುತ್ತಿದ್ದರು, ಅದರಿಂದ ಹೆಚ್ಚು ಉಪಯೋಗವಾಗಲಿಲ್ಲ. 2004ರಲ್ಲಿ ಅಮೆರಿಕದ ಎರಡು ತಂಡಗಳು ತೋರಿಸಿದವು: ಎಷ್ಟಿದೆ ಎಂಬುದಕ್ಕಿಂತ ಅದರ ಆಕಾರ ಕೆಟ್ಟಿದೆಯೇ, ಅಂದರೆ ಅದನ್ನು ಕಟ್ಟುವ ಜೀನ್ ಬದಲಾಗಿದೆಯೇ ಎಂಬುದು ಮುಖ್ಯ. ಬದಲಾಗಿದ್ದರೆ ಜೆಫಿಟಿನಿಬ್‌ನಂಥ ಗುಳಿಗೆ ಕೆಲಸ ಮಾಡುತ್ತದೆ. ಭಾರತದಲ್ಲಿ ಅಡಿನೊಕಾರ್ಸಿನೋಮ ಬಗೆಯ ಶ್ವಾಸಕೋಶ ಕ್ಯಾನ್ಸರಿನ ರೋಗಿಗಳಲ್ಲಿ ಹೆಚ್ಚುಕಡಿಮೆ ನಾಲ್ಕನೇ ಒಂದು ಪಾಲು ಜನರಲ್ಲಿ ಈ ಬದಲಾವಣೆ ಇರುತ್ತದೆ, ಅದೂ ಬೀಡಿ ಸಿಗರೇಟು ಮುಟ್ಟದವರಲ್ಲಿ, ಹೆಂಗಸರಲ್ಲಿ ಹೆಚ್ಚು. ಎಂದೂ ಬೀಡಿ ಸೇದದೆ, ಸೌದೆ ಒಲೆಯ ಮುಂದೆ ಆಯುಷ್ಯ ಕಳೆದ ನಮ್ಮ ಕಡೆಯ ಹೆಂಗಸೊಬ್ಬಳಿಗೆ ಈ ಕಾಯಿಲೆ ಬಂದರೆ, ಮೊದಲು ಮಾಡಬೇಕಾದ ಪರೀಕ್ಷೆ ಇದು. ಜೆಫಿಟಿನಿಬ್ ಈಗ ಭಾರತೀಯ ಕಂಪನಿಗಳೇ ತಯಾರಿಸುವ ಗುಳಿಗೆ, ಊರಲ್ಲೇ ಇದ್ದು ನುಂಗಬಹುದು. ಇಲ್ಲಿ ಗುರುತಿನ ಬೆನ್ನಿಗೆ ದಾರಿ ಇದೆ, ಆದ್ದರಿಂದ ಈ ಪರೀಕ್ಷೆಯ ಪರವಾಗಿ ನಾನು ಎಷ್ಟು ಬೇಕಾದರೂ ವಾದಿಸುತ್ತೇನೆ.

ಆದರೆ ಸಂಶೋಧನಾ ಪತ್ರಿಕೆಗಳಲ್ಲಿ ತುಂಬಿ ತುಳುಕುತ್ತಿರುವುದು ಮೊದಲ ಬಗೆಯ ಗುರುತುಗಳು. ಇಂಥ ಪ್ರೊಟೀನ್ ಹೆಚ್ಚಿದ್ದವರು ಬೇಗ ತೀರಿಕೊಂಡರು ಎಂಬ ಪ್ರಬಂಧಗಳು ಸಾವಿರಗಟ್ಟಲೆ ಬಂದಿವೆ. ಆಸ್ಪತ್ರೆಯ ನಿತ್ಯದ ಬಳಕೆಗೆ ಬಂದವನ್ನು ಬೆರಳಲ್ಲಿ ಎಣಿಸಬಹುದು. ಯಾಕೆ ಹೀಗಾಗುತ್ತದೆ ಎಂಬುದನ್ನು ಇಆರ್‌ಸಿಸಿ1 ಎಂಬ ಪ್ರೊಟೀನಿನ ಕಥೆ ಚೆನ್ನಾಗಿ ತಿಳಿಸುತ್ತದೆ.

ಸಿಸ್‌ಪ್ಲಾಟಿನ್ ಎಂಬ ಔಷಧ ಗಡ್ಡೆಯ ಡಿಎನ್‌ಎಯನ್ನು ಗಾಯಗೊಳಿಸುತ್ತದೆ. ಇಆರ್‌ಸಿಸಿ1 ಆ ಗಾಯವನ್ನು ಹೊಲಿಯುವ ದರ್ಜಿ. ದರ್ಜಿ ಇಲ್ಲದ ಗಡ್ಡೆ ಔಷಧಕ್ಕೆ ಸಾಯಬೇಕು, ಇರುವ ಗಡ್ಡೆ ತಪ್ಪಿಸಿಕೊಳ್ಳಬೇಕು. ತರ್ಕ ಸೊಗಸಾಗಿತ್ತು. 2006ರಲ್ಲಿ ಫ್ರಾನ್ಸಿನ ಸಂಶೋಧಕರ ನೇತೃತ್ವದ ತಂಡ ಶಸ್ತ್ರಚಿಕಿತ್ಸೆಯಾದ 761 ರೋಗಿಗಳ ಗಡ್ಡೆಗಳಿಗೆ ಬಣ್ಣ ಹಾಕಿ ನೋಡಿ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆಯಿತು: ತರ್ಕ ಹೇಳಿದಂತೆಯೇ ಆಗಿದೆ, ಇಆರ್‌ಸಿಸಿ1 ಇಲ್ಲದವರಿಗೆ ಕೀಮೋ ಆಯುಸ್ಸು ಕೂಡಿಸಿದೆ, ಇರುವವರಿಗೆ ಕೂಡಿಸಿಲ್ಲ. ಜಗತ್ತಿನ ಹಲವು ಕಡೆ ಈ ಗುರುತನ್ನು ನೆಚ್ಚಿಕೊಂಡು ಪ್ರಯೋಗಗಳು ಶುರುವಾದವು. ಏಳು ವರ್ಷದ ಮೇಲೆ, 2013ರಲ್ಲಿ, ಅದೇ ಬಳಗ ಅದೇ ಪತ್ರಿಕೆಯಲ್ಲಿ ಇನ್ನೊಂದು ಪ್ರಬಂಧ ಪ್ರಕಟಿಸಿತು. ಹಳೆಯ ಗಡ್ಡೆಗಳನ್ನೇ ಮತ್ತೆ ತೆಗೆದು, ಹಿಂದೆ ಬಳಸಿದ್ದ 8ಎಫ್1 ಎಂಬ ಪ್ರತಿಕಾಯದ (ಪ್ರೊಟೀನಿಗೆ ಅಂಟಿಕೊಂಡು ಅದನ್ನು ಬಣ್ಣದಲ್ಲಿ ತೋರಿಸುವ ವಸ್ತುವಿನ) ಹೊಸ ಬ್ಯಾಚಿನಿಂದ ಬಣ್ಣ ಹಾಕಿದರೆ ಫಲಿತಾಂಶ ಹಿಂದಿನಂತೆ ಬರಲಿಲ್ಲ. ಮಾರುಕಟ್ಟೆಯಲ್ಲಿದ್ದ 16 ಪ್ರತಿಕಾಯಗಳನ್ನು ಪರೀಕ್ಷಿಸಿದರು. ಇಆರ್‌ಸಿಸಿ1ಕ್ಕೆ ನಾಲ್ಕು ರೂಪಗಳಿವೆ, ಅವುಗಳಲ್ಲಿ ಹೊಲಿಗೆ ಬಲ್ಲದ್ದು ಒಂದೇ. ಆ ಒಂದನ್ನು ಉಳಿದ ಮೂರರಿಂದ ಬೇರ್ಪಡಿಸಿ ತೋರಿಸುವ ಶಕ್ತಿ ಹದಿನಾರರಲ್ಲಿ ಒಂದಕ್ಕೂ ಇರಲಿಲ್ಲ.

ತಮ್ಮದೇ ಹೆಸರು ತಂದ ಕೆಲಸವನ್ನು ತಾವೇ ಮತ್ತೆ ತೂಗಿ, ತಕ್ಕಡಿ ಸರಿಯಿಲ್ಲ ಎಂದು ಬರೆದ ಆ ಸಂಶೋಧಕರ ಪ್ರಾಮಾಣಿಕತೆ ದೊಡ್ಡದು. ಆದರೆ ನಡುವಿನ ಏಳು ವರ್ಷಗಳಲ್ಲಿ, ಆ ಬಣ್ಣವನ್ನು ನಂಬಿ ಯಾರಿಗಾದರೂ ಒಂದು ಔಷಧ ಕೊಟ್ಟಿದ್ದರೆ, ಇನ್ನೊಬ್ಬರಿಗೆ ತಪ್ಪಿಸಿದ್ದರೆ, ಅವರ ನೆನಪೂ ನಮಗಿರಬೇಕು.

ಪಿಡಿ-ಎಲ್1ನಲ್ಲೂ ಇಂಥ ತೊಡಕಿದೆ. ಅದನ್ನು ಕಾಣಿಸುವ ಪ್ರತಿಕಾಯಗಳು ಒಂದಲ್ಲ, ಹಲವು. ನಾಲ್ಕನ್ನು ಅಕ್ಕಪಕ್ಕ ಇಟ್ಟು ಹೋಲಿಸಿದ 2017ರ ಅಧ್ಯಯನದಲ್ಲಿ ಮೂರು ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟವು, ಎಸ್‌ಪಿ142 ಎಂಬ ನಾಲ್ಕನೆಯದು ಅದೇ ಗಡ್ಡೆಯಲ್ಲಿ ಕಡಿಮೆ ಕೋಶಗಳಿಗೆ ಬಣ್ಣ ಹಾಕಿತು. ತುಣುಕನ್ನು ಹೇಗೆ ಇಟ್ಟರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ತೆಗೆದ ಕೂಡಲೇ ಹದವಾದ ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು, ಅದರಲ್ಲಿ ಆರು ಗಂಟೆಗಿಂತ ಕಡಿಮೆಯೂ ಎಪ್ಪತ್ತೆರಡು ಗಂಟೆಗಿಂತ ಹೆಚ್ಚೂ ಇರಬಾರದು. ಒಂದೂರಲ್ಲಿ ತೆಗೆದ ತುಣುಕು ಬಸ್ಸಿನಲ್ಲೋ ಕೊರಿಯರ್‌ನಲ್ಲೋ ಇನ್ನೊಂದೂರಿಗೆ ಹೋಗುವ ಕಡೆ ಇದು ಸಣ್ಣ ಮಾತಲ್ಲ.

ಈಗಿನ ಯಂತ್ರಗಳು ಒಂದು ಹನಿ ರಕ್ತದಲ್ಲಿ ಮೂರು ಸಾವಿರ ಪ್ರೊಟೀನುಗಳನ್ನು ಒಟ್ಟಿಗೆ ಅಳೆಯಬಲ್ಲವು. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನರ ರಕ್ತವನ್ನು ಹೀಗೆ ಅಳೆದು 2023ರಲ್ಲಿ ಪ್ರಕಟಿಸಿದರು. ಅದ್ಭುತ ಕೆಲಸ. ಆದರೆ ಲೆಕ್ಕದ ಒಂದು ಹಳೆಯ ಎಚ್ಚರಿಕೆಯನ್ನು ಮರೆಯುವಂತಿಲ್ಲ. ನೂರಕ್ಕೆ ಐದರಷ್ಟು ತಪ್ಪನ್ನು ಒಪ್ಪಿಕೊಂಡು ಮೂರು ಸಾವಿರ ಪ್ರೊಟೀನುಗಳನ್ನು ಒಂದೊಂದಾಗಿ ಜಾಲಾಡಿದರೆ, ಸಾವಿಗೂ ಅವಕ್ಕೂ ಯಾವ ಸಂಬಂಧ ಇಲ್ಲದಿದ್ದರೂ ಸುಮ್ಮನೆ ಆಕಸ್ಮಿಕವಾಗಿ ಸುಮಾರು 150 ಪ್ರೊಟೀನುಗಳು 'ಗುರುತು' ಎಂದು ಎದ್ದು ನಿಲ್ಲುತ್ತವೆ. ನೂರಿನ್ನೂರು ರೋಗಿಗಳ ಮೇಲೆ ಒಂದೇ ಆಸ್ಪತ್ರೆಯಲ್ಲಿ ಹುಡುಕಿದ ಗುರುತು ಬೇರೆ ಊರಿನ ರೋಗಿಗಳ ಮೇಲೆ ನಿಲ್ಲದೆ ಹೋಗುವುದಕ್ಕೆ ಇದೂ ಒಂದು ಕಾರಣ. ನಿಂತರೂ ಎಷ್ಟು ನಿಲ್ಲುತ್ತದೆ? ಇಬ್ಬರು ರೋಗಿಗಳಲ್ಲಿ ಯಾರು ಮೊದಲು ತೀರಿಕೊಳ್ಳುತ್ತಾರೆ ಎಂದು ಊಹಿಸಲು ಹೇಳಿ, ನೂರು ಜೋಡಿಗಳಲ್ಲಿ ಎಪ್ಪತ್ತನ್ನು ಸರಿಯಾಗಿ ಹೇಳಿದರೆ ಅದನ್ನು ಪರವಾಗಿಲ್ಲ ಎನ್ನುವ ಲೆಕ್ಕಾಚಾರ ಎಂದು ಒಪ್ಪುತ್ತಾರೆ. ನಾಣ್ಯ ಚಿಮ್ಮಿದರೂ ಐವತ್ತು ಸರಿಹೋಗುತ್ತದೆ. ಕೂಡ್ಲಿಗಿಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಜಿಲ್ಲೆಯ ಸರಾಸರಿ ಮಳೆ ಗೊತ್ತಿದ್ದ ಮಾತ್ರಕ್ಕೆ ತನ್ನ ಹೊಲದ ಮೇಲೆ ಮೋಡ ನಿಲ್ಲುವುದೋ ಇಲ್ಲವೋ ಗೊತ್ತಾಗುವುದಿಲ್ಲ ಎಂದು ಅವನು ಎಂದೋ ಬಲ್ಲ.

ಇನ್ನು ಅಗ್ಗದ ಗುರುತುಗಳ ಮಾತು. 2003ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಶಸ್ತ್ರಚಿಕಿತ್ಸೆಗೆ ಒಗ್ಗದ 161 ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಮೇಲೆ ವೈದ್ಯರು ಒಂದು ಸರಳ ಲೆಕ್ಕ ಮಾಡಿದರು. ರಕ್ತದಲ್ಲಿ ಸಿಆರ್‌ಪಿ ಎಂಬ ಉರಿಯೂತದ ಪ್ರೊಟೀನ್ ಲೀಟರಿಗೆ 10 ಮಿಲಿಗ್ರಾಂ ಮೀರಿದರೆ ಒಂದು ಅಂಕ. ಆಲ್ಬುಮಿನ್ 35 ಗ್ರಾಂಗಿಂತ ಇಳಿದರೆ ಇನ್ನೊಂದು ಅಂಕ. ಸೊನ್ನೆ, ಒಂದು, ಎರಡು, ಮುಗಿಯಿತು. ಅಂಕ ಏರಿದಂತೆ ಆಯುಸ್ಸು ಇಳಿಯಿತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಕ್ಯಾನ್ಸರುಗಳಲ್ಲಿ ಇದೇ ಮತ್ತೆ ಮತ್ತೆ ಕಂಡಿತು. ದೊಡ್ಡ ಯಂತ್ರದಿಂದ ರಕ್ತದ ಪ್ರೊಟೀನುಗಳ ಶಿಖರಗಳನ್ನು ಓದಿ ರೋಗಿಯನ್ನು 'ಒಳ್ಳೆಯದು', 'ಕೆಟ್ಟದ್ದು' ಎಂದು ವಿಂಗಡಿಸುವ ವೆರಿಸ್ಟ್ರಾಟ್ ಎಂಬ ದುಬಾರಿ ಪರೀಕ್ಷೆ 2007ರಲ್ಲಿ ಬಂತು. ಆ ಶಿಖರಗಳಲ್ಲಿ ಕೆಲವು ಯಾವುವೆಂದು ಬಿಡಿಸಿ ನೋಡಿದಾಗ ಸಿಕ್ಕಿದ್ದು ಸೀರಂ ಅಮೈಲಾಯ್ಡ್ ಎ, ಸಿಆರ್‌ಪಿಯ ಹಾಗೆಯೇ ಉರಿಯೂತದಲ್ಲಿ ಏರುವ ಅದರ ಒಡಹುಟ್ಟು. ಆಲ್ಬುಮಿನ್, ಸಿಆರ್‌ಪಿ ಎರಡೂ ಸಾಮಾನ್ಯ ಪ್ರಯೋಗಾಲಯದಲ್ಲಿ ಆಗುವ ಪರೀಕ್ಷೆಗಳು.

ಹಾಗಾದರೆ ಗ್ಲಾಸ್ಗೋ ಅಂಕವನ್ನು ಎತ್ತಿಕೊಂಡು ಬಂದು ಹರಪನಹಳ್ಳಿಯಲ್ಲಿ ಬಳಸಿದರಾಯಿತೇ? ಇಲ್ಲಿ ನಾನು ತಡೆದು ಯೋಚಿಸುತ್ತೇನೆ. ಆಲ್ಬುಮಿನ್ ಇಳಿಯುವುದು ಕ್ಯಾನ್ಸರಿನ ಉರಿಯಿಂದ ಮಾತ್ರವಲ್ಲ, ಮೊದಲಿನಿಂದಲೂ ಸೊರಗಿದ, ಬೇರೆ ಕಾಯಿಲೆಗಳಿಂದ ನವೆದ ಮೈಯಲ್ಲೂ ಅದು ಕಡಿಮೆ ಇರಬಹುದು. ಬೇಸಗೆಗೆ ಗುಳೆ ಹೋಗಿ, ತಾಂಡಾದಿಂದ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಅಲೆದು ಬಂದ ಮೈ ಅದು. ಸಿಆರ್‌ಪಿ ಏರುವುದು ಕ್ಷಯದಲ್ಲೂ ಉಂಟು, ಬೇರೆ ಸೋಂಕಿನಲ್ಲೂ ಉಂಟು. ಅಂದಮೇಲೆ ಗ್ಲಾಸ್ಗೋದ ಎರಡು ಅಂಕವೂ ಹಡಗಲಿಯ ಎರಡು ಅಂಕವೂ ಒಂದೇ ಮಾತನ್ನು ಹೇಳುತ್ತವೆ ಎಂದು ನಂಬಲು ಆಧಾರ ಬೇಕು. ನಮ್ಮ ರೋಗಿಗಳನ್ನು ಹೆಸರು ಹಿಡಿದು, ಕೊನೆಯವರೆಗೂ ಹಿಂಬಾಲಿಸಿ, ಲೆಕ್ಕ ಇಟ್ಟರೆ ಮಾತ್ರ ಆ ಆಧಾರ ಸಿಗುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ 1982ರಿಂದ ಆ ನಗರದ ಲೆಕ್ಕ ಇಡುತ್ತಿದೆ, ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಷ್ಟು ಮುಂದಿದೆ ಎಂದು ನಮಗೆ ಗೊತ್ತಾಗಿದ್ದೇ ಅಂಥ ಕೆಲಸದಿಂದ. ಹಗರಿಬೊಮ್ಮನಹಳ್ಳಿಯೂ ಸೇರಿ ನಮ್ಮ ಈ ಐದು ತಾಲ್ಲೂಕಿನವರು ಒಬ್ಬರು ದಾವಣಗೆರೆಗೆ, ಒಬ್ಬರು ಹುಬ್ಬಳ್ಳಿಗೆ, ಒಬ್ಬರು ಬಳ್ಳಾರಿಗೆ, ಮತ್ತೊಬ್ಬರು ಬೆಂಗಳೂರಿಗೆ ಹೋಗಿ ಬೇರೆ ಬೇರೆ ಪುಸ್ತಕಗಳಲ್ಲಿ ಹಂಚಿಹೋಗುತ್ತಾರೆ. ಚಿಕಿತ್ಸೆ ನಡುವೆ ಬಿಟ್ಟು ಊರಿಗೆ ಬಂದವರ ಹೆಸರಿನ ಮುಂದೆ ಆ ಪುಸ್ತಕಗಳಲ್ಲಿ ಏನು ಬರೆದಿರುತ್ತದೆ? ಮತ್ತೆ ಬರಲಿಲ್ಲ ಎಂದು.

ಅಗ್ಗದ ಗುರುತಿಗೆ ಇನ್ನೊಂದು ಗುಣವಿದೆ, ನನಗೆ ಅದೇ ಮುಖ್ಯ. ಅದನ್ನು ಬದಲಿಸಲು ಕೈ ಹಾಕಬಹುದು. ಕ್ಯಾನ್ಸರಿನಲ್ಲಿ ಇಳಿದ ಆಲ್ಬುಮಿನ್ ಬರೀ ಊಟದಿಂದ ಏರುವುದಿಲ್ಲ ಎಂಬುದು ನಿಜ. ಆದರೆ ಕ್ಷಯದಲ್ಲಿ ನಡೆದದ್ದನ್ನು ನೋಡಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ದಂಪತಿ ಜಾರ್ಖಂಡದಲ್ಲಿ ಕ್ಷಯರೋಗಿಗಳಿಗೂ ಅವರ ಮನೆಯವರಿಗೂ ಪ್ರತಿ ತಿಂಗಳು ಆಹಾರದ ಚೀಲ ಕೊಟ್ಟು ನಡೆಸಿದ ಅಧ್ಯಯನ 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಮನೆಯ ಇತರರಲ್ಲಿ ಹೊಸದಾಗಿ ಕ್ಷಯ ತಗಲುವುದು ಸುಮಾರು ನೂರಕ್ಕೆ ನಲವತ್ತು ಪಾಲು ಇಳಿಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿಸಿಕೊಂಡ ರೋಗಿಗಳಲ್ಲಿ ಸಾವು ಬಹಳ ಕಡಿಮೆ ಇದ್ದದ್ದು ಕಂಡುಬಂತು. ತೂಕ ಅಲ್ಲಿ ಆಯುಸ್ಸಿನ ಗುರುತೂ ಆಗಿತ್ತು, ದಾರಿಯ ಗುರುತೂ ಆಗಿತ್ತು. ನಮ್ಮ ಕಡೆ ಕೆಮ್ಮಿದವರನ್ನು ತೂಗುವ ತಕ್ಕಡಿ ಪ್ರತಿ ಆರೋಗ್ಯ ಕೇಂದ್ರದಲ್ಲಿದೆ. ಆದರೂ ಮೂರು ತಿಂಗಳಲ್ಲಿ ಆರು ಕಿಲೋ ಇಳಿದ ಐವತ್ತೈದರ ಗಂಡಸಿನ ಕಫದಲ್ಲಿ ಕ್ಷಯ ಸಿಗದಿದ್ದರೂ ಎಕ್ಸ್‌ರೇ ಮೇಲಿನ ನೆರಳನ್ನು ಕ್ಷಯವೆಂದೇ ತಿಳಿದು ತಿಂಗಳುಗಟ್ಟಲೆ ಗುಳಿಗೆ ನುಂಗಿಸುವುದು ದೇಶದ ಎಲ್ಲೆಡೆ ನಡೆಯುವ ತಪ್ಪು. ಆ ತಿಂಗಳುಗಳಲ್ಲಿ ಕೊಯ್ದು ತೆಗೆಯಬಹುದಾಗಿದ್ದ ಕ್ಯಾನ್ಸರ್ ಗಡ್ಡೆ ಹರಡಿಬಿಡುತ್ತದೆ. ಯಾವ ಪ್ರೊಟೀನೂ ಆಮೇಲೆ ಆ ಕಾಲವನ್ನು ಮರಳಿ ಕೊಡುವುದಿಲ್ಲ.

ಬದುಕುಳಿಯುವುದನ್ನು ಮುನ್ಸೂಚಿಸುವ ಗುರುತು ರಕ್ತದ ಹೊರಗೂ ಇರಬಹುದು ಎಂಬುದಕ್ಕೆ ನಮ್ಮ ಸೀಮೆಯ ಹತ್ತಿರದಲ್ಲೇ ಒಂದು ಸಾಕ್ಷಿ ಇದೆ. ಬಡತನದ ರೇಖೆಗಿಂತ ಕೆಳಗಿನವರಿಗೆ ದೊಡ್ಡಾಸ್ಪತ್ರೆಯ ಚಿಕಿತ್ಸೆ ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಕರ್ನಾಟಕ ಸರ್ಕಾರ 2010ರಲ್ಲಿ ಶುರುಮಾಡಿದಾಗ, ಮೊದಲು ರಾಜ್ಯದ ಉತ್ತರ ಭಾಗಕ್ಕೆ ಕೊಟ್ಟಿತು. ದಕ್ಷಿಣ ಭಾಗ 2012ರವರೆಗೆ ಕಾಯಬೇಕಾಯಿತು. ಹೃದಯ, ಮೂತ್ರಪಿಂಡ, ಸುಟ್ಟಗಾಯಗಳ ಜೊತೆಗೆ ಕ್ಯಾನ್ಸರೂ ಅದರಲ್ಲಿತ್ತು. ಈ ಉತ್ತರ-ದಕ್ಷಿಣದ ಗೆರೆ ಬಳ್ಳಾರಿ ಮತ್ತು ದಾವಣಗೆರೆ ಜಿಲ್ಲೆಗಳ ನಡುವೆಯೂ ಹಾದುಹೋಯಿತು. ಆಗ ಕೂಡ್ಲಿಗಿ, ಅದರೊಳಗೇ ಇದ್ದ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಇವೆಲ್ಲ ಬಳ್ಳಾರಿಯಲ್ಲಿದ್ದವು. ಹರಪನಹಳ್ಳಿ 1997ರಿಂದ ದಾವಣಗೆರೆಯಲ್ಲಿತ್ತು. ಒಂದೇ ಬಿಸಿಲು, ಒಂದೇ ಜೋಳ, ಒಂದೇ ಮಾತು. ಗೆರೆಯ ಬಳ್ಳಾರಿ ಬದಿಯಲ್ಲಿ ಕಾರ್ಡು ನಡೆಯುತ್ತಿತ್ತು, ದಾವಣಗೆರೆ ಬದಿಯಲ್ಲಿ ನಡೆಯುತ್ತಿರಲಿಲ್ಲ.

ಹೀಗೆ ಗೆರೆಯ ಎರಡೂ ಬದಿಯಲ್ಲಿದ್ದ ಒಟ್ಟು 572 ಹಳ್ಳಿಗಳ ಅರವತ್ತು ಸಾವಿರದಷ್ಟು ಮನೆಗಳನ್ನು ಹೋಲಿಸಿ ನೀರಜ್ ಸೂದ್, ಐಐಎಂ ಬೆಂಗಳೂರಿನ ಅರ್ನಬ್ ಮುಖರ್ಜಿ ಮತ್ತು ಸಂಗಡಿಗರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಯೋಜನೆ ಒಳಗೊಂಡ ಕಾಯಿಲೆಗಳಿಂದ ಬಡವರ ಮನೆಗಳಲ್ಲಿ ಆದ ಸಾವು ಯೋಜನೆ ಬಂದ ಬದಿಯಲ್ಲಿ 0.32 ಪ್ರತಿಶತ, ಬಾರದ ಬದಿಯಲ್ಲಿ 0.90 ಪ್ರತಿಶತ. ನೂರಕ್ಕೆ 64 ಪಾಲು ಅಂತರ. ಬಡತನದ ರೇಖೆಯ ಮೇಲಿನ ಮನೆಗಳಲ್ಲಿ ಅಂಥ ಅಂತರ ಕಾಣಲಿಲ್ಲ. ಇದು ಎಲ್ಲ ದೊಡ್ಡ ಕಾಯಿಲೆಗಳನ್ನು ಕೂಡಿಸಿದ ಲೆಕ್ಕ, ಶ್ವಾಸಕೋಶ ಕ್ಯಾನ್ಸರಿನದೊಂದೇ ಅಲ್ಲ. ತಡವಾಗಿ ಸಿಗುವ ಈ ಕಾಯಿಲೆಯಲ್ಲಿ ಅಂತರ ಅಷ್ಟು ದೊಡ್ಡದಿರಲಾರದು ಎಂದು ನಾನೂ ಒಪ್ಪುತ್ತೇನೆ. ಆದರೂ ಸಾವಿನ ಲೆಕ್ಕದಲ್ಲಿ ಇಷ್ಟು ದೊಡ್ಡ ಅಂತರ ತೋರಿಸಿದ್ದು ಕಂದಾಯ ಇಲಾಖೆಯ ನಕ್ಷೆಯ ಒಂದು ಗೆರೆ. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು, 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ರಾಜ್ಯಕ್ಕೆಲ್ಲ ಬಂದಿದೆ. ಗೆರೆಗಳು ಬದಲಾಗುತ್ತವೆ. ರಕ್ತದೊಳಗಿನ ಗುರುತುಗಳನ್ನು ಹುಡುಕುವಷ್ಟೇ ಶ್ರದ್ಧೆಯಿಂದ, ಬದಲಿಸಬಲ್ಲ ಇಂಥ ಗೆರೆಗಳನ್ನೂ ಹುಡುಕಬೇಕು.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ಎದುರಾಗುವ ಒಂದು ಗಟ್ಟಿ ಮಾತನ್ನು ಕೇಳಬೇಕು. ದಾರಿ ಇಲ್ಲದಿದ್ದರೂ ಆಯುಸ್ಸಿನ ಅಂದಾಜು ತಿಳಿಯುವ ಹಕ್ಕು ರೋಗಿಗೆ ಇಲ್ಲವೇ? ಇದೆ. ಕಟ್ಟೆಯ ಮೇಲೆ ಕೂತ ಆ ಮಗ ಎಷ್ಟು ದಿನ ಎಂದು ಕೇಳಿದ್ದು ಕುತೂಹಲಕ್ಕಲ್ಲ. ಎರಡೆಕರೆ ಮಾರಬೇಕೋ ಬೇಡವೋ, ತಂಗಿಯ ಮದುವೆ ಈ ವೈಶಾಖಕ್ಕೇ ಮಾಡಬೇಕೋ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ತಮ್ಮನನ್ನು ಕರೆಸಬೇಕೋ, ಇವೆಲ್ಲ ಆ ಎರಡು ಪದಗಳೊಳಗೆ ಇದ್ದವು. ಉತ್ತರ ಸಿಗದ ಮನೆಗಳು ಹೊಲ ಮಾರಿ, ಬಡ್ಡಿಗೆ ತಂದು, ಕೊನೆಯ ತಿಂಗಳಲ್ಲಿ ಫಲ ಕೊಡದ ಚಿಕಿತ್ಸೆಗೆ ಸುರಿಯುತ್ತವೆ. ಅಂದಾಜು ಹೇಳದಿರುವುದರಲ್ಲೂ ಕ್ರೌರ್ಯ ಇದೆ.

ಆದರೆ ಅಂದಾಜನ್ನು ಹೇಳುವ ಕ್ರಮವೊಂದಿದೆ. ಸಿಡ್ನಿಯ ಬೆಲಿಂಡಾ ಕೀಲಿ, ಮಾರ್ಟಿನ್ ಸ್ಟಾಕ್ಲರ್ ಮುಂತಾದ ವೈದ್ಯರು ಹಲವು ಪ್ರಯೋಗಗಳ ಅಂಕಿಗಳನ್ನು ಕೂಡಿಸಿ ನೋಡಿ ಒಂದು ಸರಳ ಸೂತ್ರ ಕೊಟ್ಟರು. ನಡುವಿನ ಅಂದಾಜು ಹನ್ನೆರಡು ತಿಂಗಳು ಎಂದಿಟ್ಟುಕೊಳ್ಳಿ. ಇಂಥ ನೂರು ಜನರಲ್ಲಿ ಐವತ್ತು ಜನ ಅದರ ಅರ್ಧದಿಂದ ದುಪ್ಪಟ್ಟಿನ ನಡುವೆ, ಅಂದರೆ ಆರರಿಂದ ಇಪ್ಪತ್ತನಾಲ್ಕು ತಿಂಗಳು ಇರುತ್ತಾರೆ. ತೀರ ಅದೃಷ್ಟಹೀನರಾದ ಹತ್ತು ಜನ ಎರಡು ಮೂರು ತಿಂಗಳಲ್ಲೇ ಹೋಗಬಹುದು. ಚೆನ್ನಾಗಿರುವ ಹತ್ತು ಜನ ಮೂರು ವರ್ಷ ದಾಟಬಹುದು. ಒಂದು ಸಂಖ್ಯೆಯನ್ನು ಎಸೆಯುವ ಬದಲು ಹೀಗೆ ಮೂರು ಹರಹುಗಳಲ್ಲಿ ಹೇಳಿದರೆ ಮನೆಯವರು ಕೆಟ್ಟದ್ದಕ್ಕೆ ಸಿದ್ಧರಾಗಿ ಒಳ್ಳೆಯದನ್ನು ಹಾರೈಸಲು ಜಾಗ ಉಳಿಯುತ್ತದೆ. ಇದನ್ನು ಕನ್ನಡದಲ್ಲಿ ಹೇಳಲು ಐದು ನಿಮಿಷ ಸಾಕು.

ಆಸ್ಪತ್ರೆಯ ಕೆಲಸ ಹೇಳಿ ಕಳಿಸಿದಲ್ಲಿಗೆ ಮುಗಿಯಬಾರದು. 2010ರಲ್ಲಿ ಬಾಸ್ಟನ್ನಿನ ಜೆನಿಫರ್ ಟೆಮೆಲ್ ಅವರ ತಂಡ ರೋಗ ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ಜನರನ್ನು ಎರಡು ಗುಂಪು ಮಾಡಿತು. ಎಲ್ಲರಿಗೂ ಮಾಮೂಲು ಚಿಕಿತ್ಸೆ. ಒಂದು ಗುಂಪಿಗೆ ಮೊದಲ ದಿನಗಳಿಂದಲೇ ಉಪಶಮನ ಆರೈಕೆಯನ್ನೂ ಕೊಟ್ಟರು: ನೋವು, ದಮ್ಮು, ನಿದ್ದೆ, ಭಯ, ಮುಂದೇನು ಎಂಬ ಮಾತುಕತೆ. ಆ ಗುಂಪಿನವರು ಕೊನೆಗಾಲದಲ್ಲಿ ಕಡಿಮೆ ಕೀಮೋ ತೆಗೆದುಕೊಂಡರು, ಆದರೂ ನಡುವಿನ ಲೆಕ್ಕದಲ್ಲಿ 11.6 ತಿಂಗಳು ಬದುಕಿದರು. ಉಳಿದವರು 8.9 ತಿಂಗಳು. ಸುಮಾರು ಮೂರು ತಿಂಗಳ ಹೆಚ್ಚಳ ಈ ಆರೈಕೆಯ ಜೊತೆ ಬಂತು. ನೋವಿಗೂ ದಮ್ಮಿಗೂ ಕೊಡುವ ಮಾರ್ಫಿನ್ ದುಬಾರಿ ಔಷಧವಲ್ಲ. 2014ರಲ್ಲಿ ಮಾದಕವಸ್ತು ಕಾಯ್ದೆಯನ್ನು ತಿದ್ದಿ ಅದನ್ನು ಆಸ್ಪತ್ರೆಗಳಿಗೆ ಸುಲಭ ಮಾಡಿದ್ದಾರೆ. ಉಸಿರು ಸಿಗದೆ ರಾತ್ರಿಯಿಡೀ ಗೋಡೆಗೆ ಒರಗಿ ಕೂರುವ ಮನುಷ್ಯನಿಗೆ ಅದು ತನ್ನ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕು.

ದುಬಾರಿ ದಾರಿಯನ್ನು ಅಗ್ಗ ಮಾಡುವ ಕೆಲಸವೂ ನಮ್ಮ ದೇಶದಲ್ಲೇ ನಡೆದಿದೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವಿಜಯ್ ಪಾಟೀಲ್, ಕುಮಾರ್ ಪ್ರಭಾಶ್ ಮತ್ತು ಸಂಗಡಿಗರು ತಲೆ-ಕತ್ತಿನ ಮುಂದುವರಿದ ಕ್ಯಾನ್ಸರಿನಲ್ಲಿ, ಪಿಡಿ-1 ತಡೆಯುವ ನಿವೊಲುಮ್ಯಾಬ್ ಔಷಧವನ್ನು ಮಾಮೂಲಿ ಪ್ರಮಾಣದ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ, ಬರೀ 20 ಮಿಲಿಗ್ರಾಂ, ಇತರ ಅಗ್ಗದ ಔಷಧಗಳ ಜೊತೆ ಕೊಟ್ಟು ನೋಡಿದರು. ಒಂದು ವರ್ಷ ಬದುಕಿದವರು ನೂರಕ್ಕೆ 16 ಇದ್ದದ್ದು 43ಕ್ಕೆ ಏರಿತು. ಅದು ಬೇರೆ ಕ್ಯಾನ್ಸರು, ಶ್ವಾಸಕೋಶಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ. ಆದರೆ ಒಂದು ಗುರುತಿನ ಬೆನ್ನಿಗಿರುವ ಬಾಗಿಲು ಬಡವನಿಗೂ ತೆರೆಯುವುದೇ ಎಂದು ಕೇಳುವ ವಿಜ್ಞಾನ ಎಂದರೆ ನನಗೆ ಇದೇ. ಇಜಿಎಫ್‌ಆರ್ ಪರೀಕ್ಷೆ ಎಲ್ಲ ಬಡ ರೋಗಿಗಳಿಗೂ ಹಣವಿಲ್ಲದೆ ಆಗಬೇಕು. ಹೊಸಪೇಟೆಯಲ್ಲಿ ಕೂತ ಜಿಲ್ಲಾಡಳಿತ ಈ ಐದು ತಾಲ್ಲೂಕುಗಳ ಕ್ಯಾನ್ಸರ್ ರೋಗಿಗಳ ಹೆಸರು, ತೂಕ, ಆಲ್ಬುಮಿನ್, ಕೆಮ್ಮು ಶುರುವಾದ ದಿನ, ರೋಗ ಗೊತ್ತಾದ ದಿನ, ಕೊನೆಯ ದಿನ ಇಷ್ಟನ್ನೇ ಒಂದು ಪುಸ್ತಕದಲ್ಲಿ ಬರೆದಿಡಿಸಲಿ. ಹತ್ತು ವರ್ಷದಲ್ಲಿ ಅದು ಗ್ಲಾಸ್ಗೋದ ಯಾವ ಅಂಕಕ್ಕಿಂತಲೂ ನಮಗೆ ಹೆಚ್ಚು ಹೇಳುತ್ತದೆ.

ಅದೆಲ್ಲ ಆಗುವವರೆಗೆ, ನಾಳೆಯೇ ಆಗಬಹುದಾದ ಒಂದು ಕೆಲಸವಿದೆ. ಕರ್ನಾಟಕದ ಯಾವ ಪ್ರಯೋಗಾಲಯದಿಂದ ಇಂಥ ವರದಿ ಹೊರಟರೂ, ಅದರ ತಳದಲ್ಲಿ ಕನ್ನಡದ ನಾಲ್ಕು ಸಾಲು ಇರಲಿ. ಹಗರಿಬೊಮ್ಮನಹಳ್ಳಿಯ ಆ ಸಂಜೆಯ ವರದಿಗೆ ನಾನು ಬರೆಯುತ್ತಿದ್ದ ಸಾಲುಗಳು ಇವು: "ಈ 60 ಎಂಬುದು ಕಾಯಿಲೆ ಎಷ್ಟು ಹರಡಿದೆ ಎಂಬುದರ ಅಳತೆ ಅಲ್ಲ, ಎಷ್ಟು ದಿನ ಉಳಿದಿದೆ ಎಂಬುದರ ಲೆಕ್ಕವೂ ಅಲ್ಲ. ಒಂದು ಬಗೆಯ ಔಷಧ ನಿಮಗೆ ಹಿಡಿಸುವ ಸಾಧ್ಯತೆ ಹೆಚ್ಚು ಎಂದು ಇದು ಹೇಳುತ್ತದೆ. ಆ ಔಷಧದ ಬೆಲೆ, ಸರ್ಕಾರದ ನೆರವು, ಬೇರೆ ದಾರಿ ಇವುಗಳ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು."